ಸಾರಿನ ಪಾಲು

“ನನ್ನ ತಂಗಿಯನ್ನ ಹೊರಗೆ ಹಾಕಿ, ಅವಳ ಸಾಮಾನು ನುಂಗಿ ಕೂತ ಕಳ್ಳಿ ನೀನೇಯಾ?”

ಭಾನುವಾರ ಬೆಳಿಗ್ಗೆ. ಕಾರವಾರದ ಕಾಜುಬಾಗದಲ್ಲಿ ಮನೆಯೊಡತಿ ಗಂಗೂಬಾಯಿಯ ಅಂಗಳದ ನಲ್ಲಿಗೆ ನೀರು ಬರುವ ಹೊತ್ತು. ಕೊಡ ತುಂಬಿಸಿ ಎತ್ತಿದ ನಾಗಶ್ರೀಯ ಹಿಂದೆ ಏಳು ಕೊಡ, ಏಳು ಹೆಂಗಸರು. ಏಳೂ ಮುಖಗಳು ಒಮ್ಮೆಲೇ ಗೇಟಿನ ಕಡೆ ತಿರುಗಿ, ಅಲ್ಲಿಂದ ನಾಗಶ್ರೀಯ ಕಡೆ ತಿರುಗಿದವು.

ಗೇಟಿನಲ್ಲಿ ನಿಂತವನ ಬೆನ್ನ ಹಿಂದೆ ಖಾಲಿ ಗೂಡ್ಸ್ ರಿಕ್ಷಾ. ಬಿಸಿಲಿಗೆ ಸುಟ್ಟ ಮೈ, ನಿದ್ದೆಗೆಟ್ಟ ಕೆಂಪು ಕಣ್ಣು. ಬೋಟಿನಿಂದ ಇಳಿದವನು ಹಾಗೇ ಬಂದಿದ್ದ.

ಕಳ್ಳಿ...

ಇಪ್ಪತ್ತನಾಲ್ಕು ವರ್ಷದಲ್ಲಿ ಆ ಮಾತನ್ನು ನಾಗಶ್ರೀಗೆ ಯಾರೂ ಅಂದಿರಲಿಲ್ಲ. ಆದರೆ ಅವಳು ಅಳುವ ಜಾತಿಯ ಹುಡುಗಿಯಲ್ಲ. ತುಂಬಿದ ಕೊಡವನ್ನು ನಿಧಾನಕ್ಕೆ ಕೆಳಗಿಟ್ಟು, ಸೆರಗಿಲ್ಲದ ಚೂಡಿದಾರದ ತುದಿಗೇ ಕೈ ಒರೆಸಿಕೊಂಡಳು.

“ನೀವು ದೀಪಾಲಿಯ ಅಣ್ಣ. ರೂಪೇಶ. ಅಲ್ದಾ?”

“ಹೌದು. ಬೇಲೆಕೇರಿಯಿಂದ ಬಂದದ್ದು. ಅವಳ ಮಂಚ, ಕಪಾಟು ತಕಂಡು ಹೋಗೂಕೆ.”

“ಒಂದು ನಿಮಿಷ ನಿಲ್ಲಿ.”

ಒಳಗೆ ಹೋದವಳು ಒಂದು ಕಾಗದ ಹಿಡಿದು ಬಂದಳು. ಬಾಡಿಗೆ ಕರಾರು. ಕೆಳಗೆ ಎರಡು ಸಹಿ... ಒಂದು ಅವಳದು, ಒಂದು ದೀಪಾಲಿಯದು.

“ಓದಿ. ಎಲ್ಲರಿಗೂ ಕೇಳೋ ಹಾಗೆ ಓದಿ. ಹನ್ನೊಂದು ತಿಂಗಳು ಇಬ್ಬರೂ ಅರ್ಧರ್ಧ ಬಾಡಿಗೆ ಕೊಡ್ತೇವೆ ಅಂತ ನಿಮ್ಮ ತಂಗಿ ಸಹಿ ಹಾಕಿದ್ದಾಳೆ. ಆರನೇ ತಿಂಗಳಿಗೇ ಒಂದು ಚೀಲ ಹಿಡಿದು ಗೋವಾಕ್ಕೆ ಹೋದ್ಲು. ನಾ ಡ್ಯೂಟಿಯಿಂದ ಬರೋದರೊಳಗೆ ಹೋಗಿ ಆಗಿತ್ತು. ಎರಡು ತಿಂಗಳಿಂದ ಒಂದು ಪೈಸೆ ಇಲ್ಲ. ಫೋನ್ ಮಾಡಿದ್ರೆ ಎತ್ತೂದಿಲ್ಲ. ಈಗ ಹೇಳಿ, ಕಳ್ಳಿ ಯಾರು?”

ರೂಪೇಶ ಕಾಗದ ಹಿಡಿದುಕೊಂಡ. ಪೂರಾ ಇಂಗ್ಲಿಷು. ಎಂಟನೇ ಕ್ಲಾಸಿಗೆ ಚೀಲ ಮೂಲೆಗೆ ಎಸೆದು ಬಲೆ ಹಿಡಿದವನು ಅವನು. ಅಕ್ಷರಗಳು ಕಾಣುತ್ತಿದ್ದವು, ಅರ್ಥ ಮಾತ್ರ ಬಾಗಿಲು ಹಾಕಿಕೊಂಡು ಕೂತಿತ್ತು. ಅವನ ಕಣ್ಣು ಒಂದೇ ಸಾಲಿನ ಮೇಲೆ ನಿಂತದ್ದನ್ನು ಏಳೂ ಹೆಂಗಸರು ನೋಡಿದರು. ಯಾರೋ ಕಿಸಕ್ಕೆಂದರು.

“ಓದೂಕೆ ಬರದಿದ್ರೆ ಕೇಳಿ ತಿಳ್ಕಳ್ಬೇಕು” ಎಂದಳು ನಾಗಶ್ರೀ. “ಮಂದಿ ಮುಂದೆ ಬೊಬ್ಬೆ ಹಾಕೂದಲ್ಲ. ಬಾಡಿಗೆ ಬರೂವರೆಗೆ ಆ ಮಂಚ ಇಲ್ಲಿಂದ ಅಲ್ಲಾಡೂದಿಲ್ಲ. ಬೇಕಿದ್ರೆ ಇದರ ಝೆರಾಕ್ಸ್ ತಕಂಡು ಹೋಗಿ ಯಾರ ಹತ್ರಾದ್ರೂ ಓದಿಸ್ಕಳ್ಳಿ.”

ಅವನು ಕಾಗದವನ್ನು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡ. ಖಾಲಿ ರಿಕ್ಷಾ ಹತ್ತಿ ಹೋದ.

ಗೆದ್ದವಳು ನಾಗಶ್ರೀಯೇ. ಆದರೂ ಕೊಡ ಎತ್ತುವಾಗ ಅವಳ ಮನಸ್ಸಿಗೆ ಏನೋ ಚುಚ್ಚಿತು. ಓದಲು ಬಾರದ್ದನ್ನು ಎತ್ತಿ ಆಡಬಾರದಿತ್ತು... ಛೆ, ಕಳ್ಳಿ ಅಂದವನ ಮೇಲೆ ಎಂಥ ಕನಿಕರ!

*

ಓಡಿಹೋದವಳು ಆರಾಮ ಇರುತ್ತಾಳೆ. ಉಳಿದವಳು ಉತ್ತರ ಕೊಡಬೇಕು. ಈ ಊರಿನ ನ್ಯಾಯ ಇದು, ಎಲ್ಲ ಊರಿನ ನ್ಯಾಯವೂ ಇದೇ.

“ನೋಡು ಗೋ ಬಾಯಿ, ನಂಗೆ ನಿನ್ನ ಮೇಲೆ ಸಿಟ್ಟಿಲ್ಲ” ಎಂದಳು ಗಂಗೂಬಾಯಿ, ಆ ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು. “ಆದ್ರೆ ಅರ್ಧ ಬಾಡಿಗೆಗೆ ಅರ್ಧ ಗೋಡೆ ಕಟ್ಟಿಸ್ಲಿಲ್ಲ ನಾನು. ತಿಂಗಳ ಕೊನೆಗೆ ಪೂರಾ ಬಾಡಿಗೆ, ಇಲ್ದಿದ್ರೆ ಬೇರೆ ಕೋಣೆ ನೋಡ್ಕೋ.”

ನಾಗಶ್ರೀಗೆ ಕೋಣೆ ಅಂದರೆ ಬರೀ ಕೋಣೆಯಲ್ಲ. ಅವಳು ಕೆಲಸ ಮಾಡುವ ರಕ್ತಪರೀಕ್ಷೆಯ ಲ್ಯಾಬ್ ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯುತ್ತದೆ. ಅಂಕೋಲೆಯ ಆಚೆ ಮಂಜಗುಣಿಯ ಮನೆಯಿಂದ ಎಷ್ಟು ಬೇಗ ಹೊರಟರೂ ಆರಕ್ಕೆ ಮುಟ್ಟುವ ಬಸ್ಸಿಲ್ಲ. ಕೋಣೆ ಹೋದರೆ ಕೆಲಸ ಹೋಗುತ್ತದೆ. ಅಪ್ಪನ ಗದ್ದೆಯಲ್ಲಿ ಕಳೆ ಕಿತ್ತು ದುಡಿದ ದುಡ್ಡಿನಲ್ಲಿ ಕಲಿತ ಕೆಲಸ ಅದು.

ಹೊಸ ಜೊತೆಗಾತಿಯನ್ನೂ ಅವಳೇ ಹುಡುಕಿದಳು. ಲ್ಯಾಬಿಗೆ ಹೊಸದಾಗಿ ಸೇರಿದ ಮಲ್ಲಾಪುರದ ಮಾನಸಾ. ಕೋಣೆ ನೋಡಿದ ಮಾನಸಾ ಬಾಗಿಲಲ್ಲೇ ನಿಂತಳು.

“ಅಕ್ಕಾ, ಕೋಣೆ ಚೆನ್ನಾಗಿದೆ. ಆದ್ರೆ ನಾನು ಮಲಗೋದು ಎಲ್ಲಿ, ಕಪಾಟಿನ ಮೇಲಾ?”

ಗಂಟುಮೂಟೆ ಪೇರಿಸಿದ ದೀಪಾಲಿಯ ಮಂಚ, ದೀಪಾಲಿಯ ಬೀಗ ಹಾಕಿದ ಕಬ್ಬಿಣದ ಕಪಾಟು, ಅರ್ಧ ಕೋಣೆ ನುಂಗಿ ಕೂತಿದ್ದವು. ಬಾಡಿಗೆಗೆ ಒತ್ತೆ ಇಟ್ಟುಕೊಂಡದ್ದೇ ಈಗ ನಾಗಶ್ರೀಯ ಕುತ್ತಿಗೆಗೆ ಸುತ್ತಿಕೊಂಡಿತ್ತು.

“ತಿಂಗಳ ಕೊನೆವರೆಗೆ ಕಾಯ್ತೇನೆ” ಎಂದು ಮಾನಸಾ ಹೋದಳು.

*

ಮುಂದಿನ ಗುರುವಾರ ಬೆಳಿಗ್ಗೆ ಆರೂಕಾಲಕ್ಕೆ ಲ್ಯಾಬಿನ ಕುರ್ಚಿಯಲ್ಲಿ ಬಂದು ಕೂತವನನ್ನು ನೋಡಿ ನಾಗಶ್ರೀಯ ಕೈ ಒಂದು ಕ್ಷಣ ನಿಂತಿತು.

ರೂಪೇಶ. ಮೂರು ದಿನದ ಜ್ವರ. ಮಲೇರಿಯಾ ನೋಡಬೇಕೆಂದು ಡಾಕ್ಟರ್ ಚೀಟಿ ಬರೆದಿದ್ದರು.

“ಹೆಸರು?”

“ಗೊತ್ತಲ್ಲ.”

“ಶೀಶೆಯ ಮೇಲೆ ‘ಗೊತ್ತಲ್ಲ’ ಅಂತ ಬರೆಯೂಕೆ ಆಗೂದಿಲ್ಲ. ಹೆಸರು ಹೇಳಿ.”

“ರೂಪೇಶ.” ಆಮೇಲೆ ತಗ್ಗಿದ ದನಿಯಲ್ಲಿ, “ನೋವಾಗ್ತದಾ?”

ಅವಳು ತಲೆಯೆತ್ತಿದಳು. ಏಳು ಹೆಂಗಸರ ಮುಂದೆ ಗುಡುಗಿದ ಗಂಡಸು ಗೋಡೆಯ ಕ್ಯಾಲೆಂಡರ್ ಕಡೆ ಮುಖ ತಿರುಗಿಸಿ, ಹಲ್ಲು ಕಚ್ಚಿ ಕೂತಿದ್ದ.

“ಸಮುದ್ರಕ್ಕೆ ಹೆದರದವರು ಸೂಜಿಗೆ ಹೆದರ್ತ್ರಾ?”

“ಸಮುದ್ರ ಮೊದ್ಲೇ ಹೇಳಿ ಬರ್ತದೆ. ಸೂಜಿ ಹಾಗಲ್ಲ.”

ಅವಳಿಗೆ ನಗು ಬಂತು. ತಡೆದುಕೊಂಡಳು. ಅವನ ತೋಳು ಹಿಡಿದು ನರ ಹುಡುಕುವಾಗ ಜ್ವರದ ಬಿಸಿ ಅವಳ ಕೈಗವಸಿನೊಳಕ್ಕೂ ಇಳಿಯಿತು. ಸೂಜಿ ಹೋದದ್ದೂ ಬಂದದ್ದೂ ಅವನಿಗೆ ಗೊತ್ತಾಗಲಿಲ್ಲ.

“ಮುಗೀತು.”

“ಮುಗೀತಾ?” ಅವನು ತಿರುಗಿದ. ಮೊದಲ ಸಲ ಅವಳ ಮುಖವನ್ನು ಸಿಟ್ಟಿಲ್ಲದೆ ನೋಡಿದ. “ಆ ದಿವಸ... ನಲ್ಲಿ ಹತ್ರ... ನಾನು ನಿಮಗೆ...”

“ಮುಂದಿನವರು ಬನ್ನಿ” ಎಂದು ಹೊರಗಿನಿಂದ ಕೂಗಿದರು. ಅವನು ಎದ್ದು ಹೋದ. ಆ ಅರ್ಧ ಮಾತು ಮಾತ್ರ ಇಡೀ ದಿನ ನಾಗಶ್ರೀಯ ಕಿವಿಯಲ್ಲಿ ಉಳಿಯಿತು.

ಮಲೇರಿಯಾ ಇರಲಿಲ್ಲ. ಆ ರಿಪೋರ್ಟಿಗೆ ತನಗೆ ಇಷ್ಟು ಸಮಾಧಾನ ಯಾಕೆ? ಅವಳು ತನ್ನನ್ನೇ ಕೇಳಿಕೊಂಡಳು. ಉತ್ತರ ಹೇಳಿಕೊಳ್ಳಲಿಲ್ಲ.

*

ಆ ಶನಿವಾರ ಸಂಜೆ ಗೇಟಿನ ಕೊಂಡಿಗೆ ಒಂದು ಚೀಲ ನೇತಾಡುತ್ತಿತ್ತು. ಒಳಗೆ ಬಂಗಡೆ, ಕಣ್ಣು ಇನ್ನೂ ಹೊಳೆಯುವಷ್ಟು ತಾಜಾ.

“ನಿಂಗೇ ಇಟ್ಟದ್ದು. ಬೇಲೆಕೇರಿ ಹುಡುಗ” ಎಂದಳು ಗಂಗೂಬಾಯಿ. ಹೇಳಿ, ಬಾಯಿಗೆ ಸೆರಗು ಹಿಡಿದು ನಕ್ಕಳು.

“ಎಂತಕ್ಕೆ ನಗ್ತ್ರಿ?”

“ಎಂತದೂ ಇಲ್ಲ ಗೋ. ಸಾರು ಮಾಡು. ತೆಂಗಿನಕಾಯಿ ನಾ ಕೊಡ್ತೆ.”

ಮುಂದಿನ ಬುಧವಾರ ಶೆಟ್ಲಿ ಸಿಗಡಿ ಬಂತು, ಅದರ ಮುಂದಿನ ಶನಿವಾರ ನೊಗಲಿ ಮೀನು. ಅವನು ಒಳಗೆ ಬರುತ್ತಿರಲಿಲ್ಲ. ನಾಗಶ್ರೀ ಕಿಟಕಿಯಿಂದ ನೋಡುತ್ತಿದ್ದಳು... ಅವನು ಚೀಲ ಸಿಕ್ಕಿಸಿ, ಒಮ್ಮೆ ಕಿಟಕಿಯ ಕಡೆ ನೋಡಿ, ಕದ್ದವನ ಹಾಗೆ ಹೊರಟುಬಿಡುತ್ತಿದ್ದ. ಕ್ಷಮಿಸು ಅನ್ನಲು ಬಾರದವನ ಕ್ಷಮೆ ಇದು ಅಂದುಕೊಂಡಳು. ಸಾರು ಕುದಿಯುವಾಗ ಅವಳಿಗೇ ಗೊತ್ತಿಲ್ಲದೆ ಹಾಡು ಗುನುಗುತ್ತಿದ್ದಳು.

ಆ ನೊಗಲಿಯನ್ನು ಕೊಯ್ದು ಸೋಸಲು ಕೂತಾಗಲೇ ಮೊಬೈಲ್ ಸದ್ದು ಮಾಡಿತು. ಎರಡು ತಿಂಗಳು ಫೋನೆತ್ತದ ದೀಪಾಲಿಯ ಮೆಸೇಜು.

‘ಅಣ್ಣ ವಾರಕ್ಕೆರಡು ಸಲ ಮೀನು ಕೊಡ್ತಾ ಇದ್ದಾನಂತೆ. ನಮ್ಮ ಊರವರು ಹೇಳಿದ್ರು. ನನ್ನ ಬಾಡಿಗೆ ಅದ್ರಲ್ಲೇ ಮುಟ್ಟಿತು ಅಂತ ತಿಳ್ಕೋ. ಇನ್ನು ನನ್ನ ತಂಟೆಗೆ ಬರಬೇಡ.’

ನಾಗಶ್ರೀ ಎರಡು ಸಲ ಓದಿದಳು.

ಹಾಗಾದರೆ... ಇದು ಕ್ಷಮೆಯಲ್ಲ. ಪ್ರೀತಿಯಂತೂ ಅಲ್ಲವೇ ಅಲ್ಲ. ಅಣ್ಣ ತಂಗಿ ಸೇರಿ ಬಾಡಿಗೆ ತೀರಿಸುತ್ತಿದ್ದಾರೆ, ಮೀನಿನಲ್ಲಿ! ನಾನೋ, ಹುಚ್ಚಿ, ಕಿಟಕಿಯಲ್ಲಿ ನಿಂತು ಕಾಯುತ್ತಿದ್ದೆ.

ಸೋಸದ ಮೀನನ್ನು ಮತ್ತೆ ಚೀಲಕ್ಕೆ ತುಂಬಿದಳು. ಆಟೋ ಹತ್ತಿ ಸೀದಾ ಅವನ ಬೋಟು ಮೀನಿಳಿಸುವ ಬೈತಖೋಲ ಬಂದರಕ್ಕೆ ಹೋದಳು.

*

ಬೋಟು ದಕ್ಕೆಗೆ ತಾಗಿ ನಿಂತಿತ್ತು. ಎಂಟು ಹತ್ತು ಜನ ಬಲೆ ಒಟ್ಟುತ್ತಿದ್ದರು. ಮುಂತುದಿಯ ಹತ್ತಿರ ಬೋಟು ನಡೆಸುವ ಮಾಬ್ಲೇಶ್ವರ ತಾಂಡೇಲ ಬೀಡಿ ಸೇದುತ್ತಿದ್ದ. ಅವಳನ್ನು ಕಂಡು ರೂಪೇಶನ ಮುಖ ಅರಳಿತು. ಅದು ಅವಳ ಸಿಟ್ಟಿಗೆ ಇನ್ನಷ್ಟು ಎಣ್ಣೆ ಹೊಯ್ದಿತು.

“ತಕೊಳ್ಳಿ ನಿಮ್ಮ ಮೀನು. ನಂಗೆ ಬೇಡ.”

ಬಲೆ ಎಳೆಯುತ್ತಿದ್ದ ಕೈಗಳೆಲ್ಲ ನಿಂತವು. ತಾಂಡೇಲ ಬಾಯಿಂದ ಬೀಡಿ ತೆಗೆದ.

“ತಂಗೀ, ಸಿಟ್ಟಿದ್ರೆ ಅವನ ಕೈಯಲ್ಲಿ ಕೊಡು. ನೆಲಕ್ಕೆ ಬೇಕಾದ್ರೂ ಚೆಲ್ಲು. ಬೋಟಿನ ಮೇಲೆ ಮಾತ್ರ ಇಡಬೇಡ.”

ಮುದುಕನ ಮಾತಿನ ಅರ್ಥ ಅವಳಿಗೆ ಆಗಲಿಲ್ಲ. ಆಗುವ ಹೊತ್ತೂ ಅದಾಗಿರಲಿಲ್ಲ. ಚೀಲವನ್ನು ಬೋಟಿನ ಅಂಚಿನ ಹಲಗೆಯ ಮೇಲೆ ಧೊಪ್ಪೆಂದು ಇಟ್ಟಳು.

“ಇಟ್ಟೆ. ನಿಮ್ಮದು ನಿಮಗೆ.”

ರೂಪೇಶನ ಮುಖದಿಂದ ರಕ್ತ ಇಳಿದುಹೋಯಿತು. ಅವಳು ತಿರುಗಿ ಬರುವಾಗ ಬೆನ್ನ ಹಿಂದಿನ ಆ ಮೌನ ಅವಳ ಜೊತೆಗೇ ನಡೆದು ಬಂತು.

*

“ಬೋಟಿನ ಮೇಲೆ ಇಟ್ಟ್ಯಾ?” ಗಂಗೂಬಾಯಿ ಹಣೆ ಹಣೆ ಬಡಿದುಕೊಂಡಳು. “ಅಯ್ಯೋ ನನ್ನ ಕರ್ಮವೇ. ಎಂಥ ಕೆಲಸ ಮಾಡ್ದೆ ಮಾರಾಯ್ತಿ.”

“ಬಾಡಿಗೆಗೆ ಮೀನು ತಕಳ್ಳೂಕೆ ನಾನೇನು...”

“ಬಾಡಿಗೆ ಮೀನಲ್ಲ ಗೋ ಅದು. ಅದು ಸಾರಿನ ಪಾಲು.”

ಗಂಗೂಬಾಯಿ ಅವಳ ಕೈ ಹಿಡಿದು ಮೆಟ್ಟಿಲ ಮೇಲೆ ಕೂರಿಸಿದಳು.

“ಕೇಳು. ನನ್ನ ಗಂಡ ಅದೇ ತಾಂಡೇಲನ ಸಂಗಡ ಇಪ್ಪತ್ತು ವರ್ಷ ಹೋದವ. ಆ ಬೋಟಿನ ಕಟ್ಟುಪಾಡು ನಂಗೆ ಗೊತ್ತು. ದುಡ್ಡಿನ ಪಾಲು ಬೇರೆ. ಅದ್ರ ಮೇಲೆ ಒಬ್ಬೊಬ್ಬನಿಗೆ ಒಂದೊಂದು ಹೊತ್ತಿನ ಸಾರಿನ ಮೀನು ಕೊಡ್ತಾರೆ. ಅದನ್ನ ಮಾರೂಕಿಲ್ಲ, ಸಾಲಕ್ಕೆ ಕೊಡೂಕಿಲ್ಲ. ತನ್ನ ಮನೆ ಒಲೆಗೇ ಹೋಗ್ಬೇಕು. ಮದುವೆ ಆಗದ ಹುಡುಗ ಆ ಪಾಲನ್ನ ಒಂದು ಮನೆ ಬಾಗಿಲಿಗೆ ಇಟ್ಟ ಅಂದ್ರೆ, ನನ್ನ ಒಲೆ ಇಲ್ಲಿ ಅಂತ ಹೇಳಿದ ಹಾಗೆ. ಬಾಯಲ್ಲಿ ಹೇಳೂಕೆ ಬರದವರ ಮಾತು ಅದು.”

“ವಾಪಸ್ ಬೋಟಿನ ಮೇಲೆ ಇಟ್ರೆ?”

“ನಿನಗೆ ನನ್ನ ಮನೇಲಿ ಒಲೆ ಇಲ್ಲ ಅಂತ. ಸಂಗಡಿಗರೆಲ್ಲರ ಎದುರಿಗೆ.” ಗಂಗೂಬಾಯಿ ನಿಟ್ಟುಸಿರಿಟ್ಟಳು. “ನೀ ಗದ್ದೆಯವರ ಮಗಳು, ನಿಂಗೆ ಹೇಗೆ ಗೊತ್ತಾಗ್ಬೇಕು. ತಪ್ಪು ನಂದು. ಮುದುಕಿ, ನೋಡಿ ನೋಡಿ ನಕ್ಕೆ, ಬಾಯಿ ಬಿಟ್ಟು ಹೇಳ್ಲಿಲ್ಲ.”

ಮೂರು ಚೀಲ. ಮೂರು ಸಲ ಅವನು ಹೇಳಿದ್ದ. ಮೂರನೆಯದನ್ನು ಅವಳು ಅವನ ಮುಖಕ್ಕೇ ಎಸೆದು ಬಂದಿದ್ದಳು.

ಒಮ್ಮೆ ಓದಲು ಬಾರದವನೆಂದು ಹಂಗಿಸಿದೆ. ಅವನು ತನ್ನ ಭಾಷೆಯಲ್ಲಿ ಬರೆದು ಕಳಿಸಿದಾಗ ಓದಲು ಬಾರದವಳು ನಾನಾದೆ...

ಅತ್ತಳು. ಹತ್ತು ನಿಮಿಷ. ಆಮೇಲೆ ಮುಖ ತೊಳೆದುಕೊಂಡಳು.

“ತಪ್ಪು ಮಾಡಿದ್ದು ಮಂದಿಯ ಮುಂದೆ. ಸರಿ ಮಾಡೂದೂ ಮಂದಿಯ ಮುಂದೇ. ನಾಳೆ ಬೇಲೆಕೇರಿಗೆ ಹೋಗ್ತೆ.”

“ನಾಡಿದ್ದು ತಿಂಗಳ ಕೊನೆ” ಎಂದಳು ಗಂಗೂಬಾಯಿ, ಮೆಲ್ಲಗೆ.

“ಗೊತ್ತಿದೆ. ಆ ಕಪಾಟೂ ಹೋಗ್ತದೆ.”

*

ಭಾನುವಾರ. ಬೇಲೆಕೇರಿಯ ದಡದಲ್ಲಿ ಬೋಟಿನವರು ನೆರಳಿಗೆ ಕೂತು ಸೂಜಿಯಲ್ಲಿ ಹರಿದ ಬಲೆಯ ಕಣ್ಣು ಹೆಣೆಯುತ್ತಿದ್ದರು. ಪಕ್ಕದಲ್ಲೇ ರೂಪೇಶನ ಮನೆ. ಜಗುಲಿಯ ಮೇಲೆ ಮೊಬೈಲ್ ಹಿಡಿದು ಕೂತವಳನ್ನು ಕಂಡು ನಾಗಶ್ರೀಯ ಹೆಜ್ಜೆ ತಡೆಯಿತು. ದೀಪಾಲಿ! ಹಿಂದಿನ ರಾತ್ರಿಯ ರೈಲಿಗೆ ಅಣ್ಣನೇ ಹೋಗಿ ಗೋವಾದಿಂದ ಕರೆತಂದಿದ್ದ.

“ನೋಡಿ, ವಸೂಲಿಗೆ ಮನೆ ಮಟ ಬಂದ್ಲು” ಎಂದಳು ದೀಪಾಲಿ, ಎಲ್ಲರಿಗೂ ಕೇಳುವಂತೆ.

“ನಿನ್ನ ಹತ್ರ ಆಮೇಲೆ ಬರ್ತೆ ದೀಪಾಲಿ. ಮೊದ್ಲು ನಂಗೆ ಇವರ ಹತ್ರ ಕೆಲಸ ಇದೆ.”

ನಾಗಶ್ರೀ ನೇರವಾಗಿ ಬಲೆಯ ಅಂಚಿಗೆ ಬಂದು ನಿಂತಳು. ರೂಪೇಶ ತಲೆ ಎತ್ತಲಿಲ್ಲ. ಅವನ ಕೈಯ ಸೂಜಿ ಮಾತ್ರ ನಿಂತಿತು.

“ನಿನ್ನೆ ನಾ ಮೀನು ಬೋಟಿನ ಮೇಲೆ ಇಟ್ಟೆ. ಬಾಡಿಗೆ ಲೆಕ್ಕಕ್ಕೆ ಕೊಟ್ಟದ್ದು ಅಂದ್ಕಂಡಿದ್ದೆ. ನಿಮ್ಮ ಬೋಟಿನ ಪದ್ಧತಿ ನಂಗೆ ಗೊತ್ತಿರಲಿಲ್ಲ. ತಾಂಡೇಲಜ್ಜ ಬೇಡ ಅಂದ್ರೂ ಕೇಳ್ಲಿಲ್ಲ. ಎಲ್ಲರ ಎದುರಿಗೆ ತಪ್ಪಾಯ್ತು ಅಂತ ಹೇಳೂಕೆ ಬಂದೆ.”

ತಾಂಡೇಲ ಕನ್ನಡಕದ ಮೇಲಿಂದ ನೋಡಿದ.

“ಗೊತ್ತಿದ್ರೆ ಎಂತ ಮಾಡ್ತಿದ್ದೆ ತಂಗೀ?”

ಅವಳ ಕೆನ್ನೆ ಬಿಸಿಯಾಯಿತು. ಆದರೂ ದನಿ ನಡುಗಲಿಲ್ಲ.

“ಸಾರು ಮಾಡಿ, ಉಣ್ಣೂಕೆ ಕರೀತಿದ್ದೆ.”

ಯಾರೋ ಸಿಳ್ಳೆ ಹೊಡೆದರು. ಇನ್ನೊಬ್ಬ “ಹಾಗಾರೆ ನಮ್ಮ ಪಾಲೂ ತಕೊ ಬಾಯಿ, ನಮ್ಮನ್ನೂ ಕರಿ” ಎಂದ. ತಾಂಡೇಲ ಗದರಿದ. ರೂಪೇಶ ಈಗ ತಲೆ ಎತ್ತಿದ್ದ. ಅವನ ಕಣ್ಣಲ್ಲಿ ನೀರಿತ್ತೋ, ಬಿಸಿಲಿತ್ತೋ...

“ಚೆಂದ ಆಯ್ತು” ಎಂದಳು ದೀಪಾಲಿ ಜಗುಲಿಯಿಂದ ಇಳಿದು. “ಅಂದ್ರೆ ಬಾಡಿಗೆ ಮಾತು ಮುಗೀತು. ನಾ ಅಲ್ಲಿ ಇಲ್ವೇ ಇಲ್ಲ, ಇಲ್ಲದ ಮನೆಗೆ ಎಂತಕ್ಕೆ ಕೊಡ್ಬೇಕು?”

“ಹೋಗಬೇಡ ಅಂತ ನಾ ಹೇಳ್ಲಿಲ್ಲ” ಎಂದಳು ನಾಗಶ್ರೀ. “ಒಂದು ತಿಂಗಳು ಮುಂಚೆ ಹೇಳಿದ್ರೆ ಬೇರೆಯವಳನ್ನ ಹುಡುಕ್ತಿದ್ದೆ. ನಿನ್ನ ಸಹಿ ನಂಬಿ ನಾ ಸಹಿ ಹಾಕಿದ್ದು. ಆಯ್ತು, ದುಡ್ಡು ನಂಗೆ ಬೇಡ. ನಾಳೆ ಬೆಳಿಗ್ಗೆ ಕಪಾಟು, ಮಂಚ ಎತ್ತಿಸು. ನಂಗೆ ಕೋಣೆ ಬೇಕು, ಕೆಲಸ ಬೇಕು. ನಿನ್ನ ಜೊತೆ ಜಗಳ ಆಡೂಕೆ ಪುರ್ಸೊತ್ತಿಲ್ಲ.”

“ಬೇಡ ಅನ್ನಬೇಡಿ.”

ರೂಪೇಶ ಎದ್ದಿದ್ದ. ದನಿ ತಗ್ಗಿತ್ತು. ಆ ತಗ್ಗಿದ ದನಿಗೇ ದೀಪಾಲಿ ಒಂದು ಹೆಜ್ಜೆ ಹಿಂದೆ ಸರಿದಳು.

“ಆ ಕಾಗದ ಝೆರಾಕ್ಸ್ ಅಂಗಡಿಯವನ ಹತ್ರ ಓದಿಸ್ದೆ. ಮೂರು ಸಲ ಓದಿಸ್ದೆ, ನಂಬೂಕೆ ಆಗ್ಲಿಲ್ಲ. ದೀಪಾ, ಬೋಟಿನ ಪಾಲು ಬಂದ ಕೂಡ್ಲೇ ಪ್ರತಿ ತಿಂಗಳು ನಿನ್ನ ಕೋಣೆ ಬಾಡಿಗೆ ನಿನ್ನ ಕೈಗೆ ಕೊಟ್ಟೆ. ನೀ ಕಾರವಾರದಲ್ಲೇ ಇದ್ದೆ ಅಂದ್ಕಂಡು ಈ ಎರಡು ತಿಂಗಳೂ ಕಳಿಸ್ದೆ. ಅದು ಎಲ್ಲಿ ಹೋಯ್ತು?”

ನಾಗಶ್ರೀ ತಟ್ಟನೆ ರೂಪೇಶನ ಕಡೆ ತಿರುಗಿದಳು. ಇವನು ಕೊಡುತ್ತಲೇ ಇದ್ದ... ಇಷ್ಟು ದಿನ ತಂಗಿಯ ಮರ್ಯಾದೆ ಕಾಯಲು ಬಾಯಿ ಮುಚ್ಚಿಕೊಂಡು, ನನ್ನಿಂದ ಬೈಸಿಕೊಂಡ.

“ಗೋವಾದಲ್ಲಿ ಹಾಸ್ಟೆಲಿಗೆ ಅಡ್ವಾನ್ಸ್...” ದೀಪಾಲಿಯ ಕಣ್ಣು ನೆಲಕ್ಕಿಳಿಯಿತು. “ಕೇಳಿದ್ರೆ ನೀ ಕಳಿಸ್ತಿರಲಿಲ್ಲ. ನಂಗೆ ಆ ಕೆಲಸ ಬೇಕಿತ್ತು ಅಣ್ಣಾ.”

“ಕೇಳಿದ್ರೆ ಕೊಡ್ತಿದ್ದೆ. ನೀ ಕೇಳ್ಲಿಲ್ಲ. ಸುಳ್ಳು ಹೇಳಿ ನನ್ನ ಬಾಯಲ್ಲಿ ಇವರಿಗೆ ಕಳ್ಳಿ ಅನಿಸ್ದೆ. ನಾ ಶಾಲೆ ಬಿಟ್ಟದ್ದು ನೀ ಕಲೀಲಿ ಅಂತ. ಕಲ್ತದ್ದು ಇದಾ?” ಅವನ ದನಿ ಒಡೆಯಿತು. “ಫೋನ್ ತೆಗೆ. ಆ ಬಾಡಿಗೆ ಗಂಗೂಬಾಯಿಗೆ ಕಳಿಸು. ಈಗ.”

ದೀಪಾಲಿ ಕಳಿಸಿದಳು. ಕಳಿಸಿ, ಕಪಾಟಿನ ಕೀಲಿಯನ್ನು ಪರ್ಸಿನಿಂದ ತೆಗೆದು ನಾಗಶ್ರೀಯ ಕೈಗಿಟ್ಟಳು. “ನಿನ್ನ ಮುಖ ನೋಡೂಕೆ ನಾಚಿಕೆ ಆಗಿ ಫೋನ್ ಎತ್ತಲಿಲ್ಲ. ಆಮೇಲೆ ನಾಚಿಕೆಯೇ ಸಿಟ್ಟಾಯ್ತು.”

“ಕೆಲಸ ಚೆನ್ನಾಗಿದ್ಯಾ?”

“ಹೂಂ.”

“ಬಿಡಬೇಡ. ಮುಂದಿನ ಕೋಣೆಯವಳಿಗೆ ಮಾತ್ರ ಹೀಗೆ ಮಾಡಬೇಡ.”

ನಾಗಶ್ರೀ ಅಲ್ಲೇ ನಿಂತು ಮಾನಸಾಗೆ ಫೋನ್ ಮಾಡಿದಳು. “ನಾಳೆ ಸಂಜೆ ಸಾಮಾನು ತಕಂಡು ಬಾ. ಬೆಳಿಗ್ಗೆಯೇ ಜಾಗ ಖಾಲಿ ಆಗ್ತದೆ. ಕಪಾಟಿನ ಮೇಲಲ್ಲ, ನಿನ್ನ ಮಂಚದ ಮೇಲೇ ಮಲಗಬಹುದು.”

*

ಬಸ್ ಸ್ಟಾಪಿನ ತನಕ ರೂಪೇಶ ಅವಳ ಜೊತೆ ಬಂದ. ಎರಡು ಹೆಜ್ಜೆ ದೂರ ಬಿಟ್ಟು ನಡೆದ. ಕಲ್ಲುಬೆಂಚಿನ ಮೇಲೆ ಕೂತಾಗಲೂ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟ.

“ಕಳ್ಳಿ ಅಂದೆ” ಎಂದ, ರಸ್ತೆ ನೋಡುತ್ತ. “ಅವತ್ತೇ ತಪ್ಪಾಯ್ತು ಹೇಳ್ಬೇಕಿತ್ತು. ಬರೂದಿಲ್ಲ ನಂಗೆ. ಸಿಟ್ಟು ಬೇಗ ಬಾಯಿಗೆ ಬರ್ತದೆ. ಬಾಕಿದ್ದು ಯಾವುದೂ ಬರೂದಿಲ್ಲ.”

“ನಾನೂ ಓದೂಕೆ ಬರೂದಿಲ್ಲ ಅಂತ ಹಂಗಿಸ್ದೆ.”

“ಬರೂದಿಲ್ಲ, ಹೌದು.”

“ಆದ್ರೂ ಹೇಳಬಾರದಿತ್ತು.” ಅವಳು ಒಂದು ಕ್ಷಣ ತಡೆದಳು. “ಯಾವಾಗಿಂದ?”

“ಎಂತದು?”

“ಗೊತ್ತಲ್ಲ.”

ಅವನು ಮೊದಲ ಸಲ ನಕ್ಕ. “ನಲ್ಲಿ ಹತ್ರ. ಅಷ್ಟು ಮಂದಿ ಮುಂದೆ ನಾ ಬೈದೆ, ನೀವು ಅಳ್ಲಿಲ್ಲ. ಕೊಡ ಕೆಳಗಿಟ್ರಿ, ಒಂದು ಹನಿ ಚೆಲ್ಲಲಿಲ್ಲ. ರಿಕ್ಷಾದಲ್ಲಿ ವಾಪಸ್ ಬರುವಾಗ ಸಿಟ್ಟೆಲ್ಲ ನನ್ನ ಮೇಲೇ ತಿರುಗಿತ್ತು.”

“ಇನ್ನೂ ‘ನೀವು’ ಯಾಕೆ?”

“...ನೀನು” ಎಂದ. ಹೇಳಿ, ಕಿವಿ ತನಕ ಕೆಂಪಾದ.

ನಾಗಶ್ರೀ ನಡುವಿನ ಜಾಗಕ್ಕೆ ಸರಿದು ಕೂತಳು.

“ನಂಗೂ ನೀ ಬೇಕು ರೂಪೇಶ. ಆದ್ರೆ ನಂಗೆ ಕದ್ದುಮುಚ್ಚಿ ಆಗೂದಿಲ್ಲ. ಇವತ್ತು ನಾ ಮಂಜಗುಣಿಗೆ ಹೋಗ್ತೆ. ಅಪ್ಪ ಮನೇಲಿ ಇದ್ದಾನೆ. ಅವನು ಗದ್ದೆಯವ, ನೀ ದರಿಯಾದವ. ಮೊದ್ಲು ಬೊಬ್ಬೆ ಹಾಕ್ತಾನೆ, ನಿನಗಿಂತ ಜೋರಾಗಿ. ಆಮೇಲೆ ನಿನ್ನ ಕೆಲಸ ಕೇಳ್ತಾನೆ, ಮನೆ ಕೇಳ್ತಾನೆ. ಅವನ ಮುಂದೆ ನೀನೇ ಬಾಯಿ ಬಿಟ್ಟು ಹೇಳ್ಬೇಕು. ನಾ ಹೇಳಿಕೊಡೂದಿಲ್ಲ.” ಅವಳು ಅವನ ಕಡೆ ತಿರುಗಿ ಕೂತಳು. “ಬರ್ತ್ಯಾ?”

ರೂಪೇಶ ತನ್ನ ಮಾಸಿದ ಅಂಗಿ ನೋಡಿಕೊಂಡ. ನಾಲ್ಕು ದಿನದ ಗಡ್ಡದ ಮೇಲೆ ಕೈಯಾಡಿಸಿದ. ಬಾಯಿ ತೆರೆದ, ಮುಚ್ಚಿದ.

ಆಮೇಲೆ ಎದ್ದ. ಒಂದು ಮಾತೂ ಹೇಳದೆ ಬೆನ್ನು ತಿರುಗಿಸಿ ನಡೆದ.

ನಾಗಶ್ರೀ ಬೆಂಚಿನಿಂದ ಅರ್ಧ ಎದ್ದಳು. ಹೆದರಿದನಾ... ಇಷ್ಟೇಯಾ...

ರೂಪೇಶ ತಿರುಗಿ ನೋಡಲಿಲ್ಲ. ದಾಪುಗಾಲು ಹಾಕುತ್ತ ರಸ್ತೆ ದಾಟಿ, ಎದುರಿನ ಕಟಿಂಗ್ ಅಂಗಡಿಯ ಪರದೆ ಸರಿಸಿ ಒಳಗೆ ಹೋದ.